ಚೀಟಿಯ ಮೂಲೆಯ ತಾರೀಖು

ಮಲ್ಕಾಜ್‌ಗಿರಿ, ಹೈದರಾಬಾದ್
12 ಮೇ 2024

ಅಕ್ಕ,

ಮೊದಲ ಕಟ್ಟು ಕಳಿಸಿದ್ದೇನೆ. ಎ ಇಂದ ಎಫ್‌ವರೆಗೆ ನೂರ ಅರವತ್ತೆರಡು ಚೀಟಿ. ಒಂದೊಂದರಲ್ಲೂ ಮೇಲೆ ಇಂಗ್ಲಿಷ್ ನುಡಿಗಟ್ಟು, ಕೆಳಗೆ ನನ್ನದೊಂದು ಉದಾಹರಣೆ ವಾಕ್ಯ, ಅದರ ಕೆಳಗೆ ನಿನ್ನ ಫ್ರೆಂಚ್ ವಿವರಣೆಗೆ ಖಾಲಿ ಜಾಗ. ಮೂಲೆಯಲ್ಲಿ ಬರೆದ ದಿನದ ತಾರೀಖು. ತಾರೀಖು ಹಾಕುವ ಚಟ ಹಿಡಿಸಿದವಳು ನೀನೇ, ಆದ್ದರಿಂದ ಅದನ್ನು ಕಸ ಎನ್ನಬೇಡ. ನಿಮ್ಮ ಪುದುಚೇರಿಯ ಪ್ರಕಾಶಕರಿಗೆ ಜುಲೈ ಹದಿನೈದಕ್ಕೆ ಆರು ನೂರನ್ನೂ ಒಪ್ಪಿಸಬೇಕು, ನೆನಪಿರಲಿ.

ಫ್ರೆಂಚ್ ಜನಕ್ಕೆ ಇಂಗ್ಲಿಷ್ ಕಲಿಸುವ ಪುಸ್ತಕವನ್ನು ಹಳಿ ಬದಲಿಸುವ ರೈಲ್ವೆ ಪಾಯಿಂಟ್ಸ್‌ಮನ್ ಅಮರಯ್ಯನ ಇಬ್ಬರು ಹೆಣ್ಣುಮಕ್ಕಳು ಬರೆಯುತ್ತಿದ್ದಾರೆ ಎಂದರೆ ಯಾರಾದರೂ ನಕ್ಕಾರು. ಆದರೆ ಮಣಿಕೊಂಡದ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಫ್ರೆಂಚ್ ಗಿರಾಕಿಗಳ ಫೋನ್ ಎತ್ತುವ ನನಗೆ ಗೊತ್ತು, ಅವರನ್ನು ಕಾಡುವುದು ದೊಡ್ಡ ಶಬ್ದಗಳಲ್ಲ. ಅವರಿಗೆ ಗಿವ್ ಗೊತ್ತು, ಅಪ್ ಗೊತ್ತು. ಎರಡೂ ಒಂದಾದರೆ ಕೈಚೆಲ್ಲಿ ಕೂರುವುದು ಹೇಗಾಯಿತು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಮೊನ್ನೆ ಒಬ್ಬ ಹೆಂಗಸು, ಹೇಳಿದ ಹೊತ್ತಿಗೆ ರಿಪೇರಿಯವನು ಬರಲಿಲ್ಲವೆಂದು, 'ಅವನು ನನಗೆ ಮೊಲ ಇಟ್ಟ' ಎಂದು ಬೈದಳು. ಇಂಗ್ಲಿಷಿನವರು ಅದಕ್ಕೇ ಸ್ಟ್ಯಾಂಡ್ ಅಪ್, ನಿಲ್ಲಿಸಿಹೋದ ಅನ್ನುತ್ತಾರೆ, ನಾವು ಕೈ ಕೊಟ್ಟ ಅನ್ನುತ್ತೇವೆ. ಬಾರದವನು ಒಬ್ಬ, ಬೈಗುಳ ಮೂರು.

ಉದಾಹರಣೆಗೆ ನಾನು ದೂರ ಹೋಗಿಲ್ಲ. ದಿನಕ್ಕೆ ಹತ್ತು ವಾಕ್ಯ ಎಲ್ಲಿಂದ ತರಲಿ? ಅವ್ವ ಆಡಿದ್ದು, ಅವ್ವ ಮಾಡಿದ್ದು, ಅದನ್ನೇ ಇಂಗ್ಲಿಷಿಗೆ ತಂದು ಬರೆದಿದ್ದೇನೆ.

ಅವ್ವ ಆರಾಮ ಇದ್ದಾಳೆ. ಸಣ್ಣಪುಟ್ಟ ಮರೆವು, ಎಪ್ಪತ್ತಮೂರಕ್ಕೆ ಅದು ಇದ್ದದ್ದೇ. ತರಕಾರಿಯವನ ಜೊತೆ ಇವತ್ತಿಗೂ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾಳೆ. ನಾನು ಆಫೀಸಿಗೆ ಹೋದ ದಿನ ಪಕ್ಕದ ಮನೆಯ ಕೃಪಾ ನೋಡಿಕೊಳ್ಳುತ್ತಾಳೆ. ಅವ್ವ ಫೋನಿನಲ್ಲಿ ಬರುವ ದನಿಗೆ ಹೆದರುತ್ತಾಳೆ, ಅಷ್ಟೇ.

ನಾವಿಬ್ಬರೂ ಫೋನ್ ಬೇಡವೆಂದು ಒಪ್ಪಿಕೊಂಡದ್ದು ಒಳ್ಳೆಯದೇ ಆಯಿತು. ಅವ್ವ ಯಾರ ಹತ್ತಿರ ಇರಬೇಕು ಅನ್ನುವ ಜಗಳವನ್ನು ಫೋನಿನಲ್ಲಿ ಎರಡು ವರ್ಷ ಎಳೆದೆವು. ಕಾಗದದ ಮೇಲೆ ಇಬ್ಬರೂ ಸ್ವಲ್ಪ ಸಭ್ಯರು.

ಸಂಯುಕ್ತಾ

*

ಪುದುಚೇರಿ
19 ಮೇ 2024

ಸಂಯು,

ಕಟ್ಟು ತಲುಪಿತು. ನೂರ ಅರವತ್ತೆರಡಲ್ಲ, ನೂರ ಅರವತ್ತು. ಎರಡು ನುಡಿಗಟ್ಟನ್ನು ಎರಡೆರಡು ಸಲ ಬರೆದಿದ್ದೀಯ. ಅವಸರದ ಕೆಲಸ.

ಮಿಕ್ಕದ್ದು ಚೆನ್ನಾಗಿದೆ, ನಿನ್ನ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ. ಒಂದು ಎಚ್ಚರಿಕೆ. ಮುಂದೆ ಪುಟ್ ಅಪ್ ವಿತ್, ಅಂದರೆ ತಾಳಿಕೊಳ್ಳುವುದು, ಬರುತ್ತದಲ್ಲ, ಅದರಲ್ಲಿ ಸಪೋರ್ಟ್ ಅನ್ನುವ ಶಬ್ದವನ್ನು ಹತ್ತಿರವೂ ಸೇರಿಸಬೇಡ. ಆ ರೂಪದ ಶಬ್ದ ಫ್ರೆಂಚರ ಬಾಯಲ್ಲಿ ಸಹಿಸಿಕೊಳ್ಳುವುದು ಎಂದಾಗುತ್ತದೆ. ನನ್ನ ತರಗತಿಯಲ್ಲಿ ಪ್ಯಾರಿಸ್ಸಿನಿಂದ ಬಂದ ಹುಡುಗಿಯೊಬ್ಬಳು 'ನನ್ನ ಅತ್ತೆಯನ್ನು ನಾನು ಸಪೋರ್ಟ್ ಮಾಡಲಾರೆ' ಎಂದು ಇಂಗ್ಲಿಷಿನಲ್ಲಿ ಬರೆದಳು. ಓದಿದವರು ಖರ್ಚಿನ ಮಾತು ಎಂದುಕೊಂಡರು. ಪಾಪ, ಅವಳು ಹೇಳಿದ್ದು ಅತ್ತೆಯನ್ನು ತಾಳಲಾರೆ ಎಂದು.

ಎಲ್ಲ ಚೀಟಿಯಲ್ಲೂ ಅವ್ವನೇ ಇದ್ದಾಳೆ. ಓದುವ ಫ್ರೆಂಚರಿಗೆ ಅವಳು ಯಾರೆಂದು ಗೊತ್ತಿಲ್ಲ, ನನಗೆ ಗೊತ್ತು. ಆರಾಮ ಅನ್ನುವ ನಿನ್ನ ಒಂದು ಶಬ್ದ ನನಗೆ ಸಾಲದು. ಡಾಕ್ಟರು ಏನೆಂದರು? ತೂಕ ಎಷ್ಟಿದೆ? ನಿನಗೆ ಕೈಲಾಗದಿದ್ದರೆ ಬರೆ, ಬಂದು ಕರೆದುಕೊಂಡು ಹೋಗುತ್ತೇನೆ. ಇಲ್ಲಿ ಕೆಳಗಿನ ಕೋಣೆ ಖಾಲಿ ಇದೆ.

ವತ್ಸಲಾ

*

ಮಲ್ಕಾಜ್‌ಗಿರಿ
27 ಮೇ 2024

ಅಕ್ಕ,

ಎರಡನೆಯ ಕಟ್ಟು, ಜಿ ಇಂದ ಎಲ್. ಈ ಸಲ ಎಣಿಸಿದ್ದೇನೆ, ನೂರ ನಲವತ್ತೆಂಟು.

ನಿನ್ನ ಖಾಲಿ ಕೋಣೆಯ ಸುದ್ದಿ ಪ್ರತಿ ಕಾಗದದಲ್ಲೂ ಬೇಡ. ಅಪ್ಪ ಹಾಸಿಗೆ ಹಿಡಿದ ಮೂರು ವರ್ಷ ಅದೇ ಕೋಣೆ ಅಲ್ಲೇ ಖಾಲಿ ಇತ್ತು. ಆಗ ನೀನು ರಜೆ ಸಿಗಲಿಲ್ಲ ಅಂದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಅವ್ವನನ್ನು ಪುದುಚೇರಿಯಿಂದ ನೋಡಿಕೊಳ್ಳುವುದು ಭಾಳ ಸುಲಭ.

ಡಾಕ್ಟರು ಎಲ್ಲ ಸರಿಯಿದೆ ಅಂದರು. ಅವ್ವ ಬೆಳಿಗ್ಗೆ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿಯುತ್ತಾಳೆ. ಕೈಲಾಗದವಳು ಜೋಳದ ರೊಟ್ಟಿ ಬಡಿದಾಳೇ? ಸ್ಟೀಲ್ ಡಬ್ಬಿಗಳನ್ನು ಮಾತ್ರ ಕಂಡವರಿಗೆ ಕೊಟ್ಟುಬರುತ್ತಾಳೆ, ಅಪ್ಪನ ಹೆಸರು ಕೆತ್ತಿಸಿದವೂ ಹೋದವು. ಹೋಗಲಿ ಬಿಡು, ನಾನು ಬೈದಿಲ್ಲ.

ಈಗ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿ ಬರೆಯುತ್ತಿದ್ದೇನೆ. ದಿನಕ್ಕೆ ಹದಿನೈದು ಆಗದಿದ್ದರೆ ಜುಲೈಗೆ ಮುಗಿಯುವುದಿಲ್ಲ.

ಸಂಯುಕ್ತಾ

*

ಪುದುಚೇರಿ
3 ಜೂನ್ 2024

ಸಂಯುಕ್ತಾ,

ಎರಡನೆಯ ಕಟ್ಟಿಗೆ ವಿವರಣೆ ಬರೆದು ವಾಪಸು ಕಳಿಸಿದ್ದೇನೆ. ತಪ್ಪುಗಳಿಗೆ ಕೆಂಪು ಗುರುತು ಹಾಕಿದೆ.

ಒಂದು ಮಾತು ಹೇಳದೆ ಬಿಡಲಾರೆ. ಮೊದಲ ಕಟ್ಟಿನ ಕಮ್ ಬ್ಯಾಕ್ ಚೀಟಿಯಲ್ಲಿ ನೀನು ಬರೆದದ್ದು: 'ಸಂಜೆಯಾದರೆ ಅವಳು ಬಾಗಿಲಲ್ಲಿ ನಿಂತು, ವಾಪಸು ಬರುತ್ತದೇನೋ ಎಂದು ದಾರಿ ನೋಡುತ್ತಾಳೆ.' ಆಗ ಸುಮ್ಮನಿದ್ದೆ. ನಿನ್ನ ಕಾಗದ ಬಂದ ಮೇಲೆ ಅದನ್ನು ಮತ್ತೆ ತೆಗೆದು ಓದಿದೆ. ಅದು ನನಗೇ ಬರೆದದ್ದು. ಹಿರಿಮಗಳು ಬರಲಿಲ್ಲ, ಅವ್ವ ಬಾಗಿಲು ಕಾಯುತ್ತಿದ್ದಾಳೆ ಎಂದು ಚುಚ್ಚಬೇಕಾದರೆ ಕಾಗದದಲ್ಲಿ ನೇರ ಚುಚ್ಚು. ಉದಾಹರಣೆಯ ಮರೆಯಲ್ಲಿ ನಿಂತು ಕಲ್ಲು ಹೊಡೆಯಬೇಡ.

ಶಾಲೆ ಶುರುವಾಗಿದೆ. ಮುಂದಿನ ಕಟ್ಟು ನೋಡುವುದು ತಡವಾಗಬಹುದು.

ವತ್ಸಲಾ

*

ಮಲ್ಕಾಜ್‌ಗಿರಿ
20 ಜೂನ್ 2024

ಅಕ್ಕನಿಗೆ ನಮಸ್ಕಾರಗಳು.

ಎಮ್ ಇಂದ ಝಡ್‌ವರೆಗೆ ಉಳಿದ ಚೀಟಿಗಳನ್ನೆಲ್ಲ ಒಟ್ಟಿಗೆ ಕಳಿಸುತ್ತಿದ್ದೇನೆ. ಎಣಿಸಿಲ್ಲ. ನಿನಗೆ ಬಿಡುವಾದಾಗ ನೋಡಬಹುದು, ಅವಸರವಿಲ್ಲ.

ಅವ್ವ ಆರಾಮ ಇದ್ದಾಳೆ. ಇಲ್ಲಿ ಎಲ್ಲ ಕ್ಷೇಮ.

ಒಂದು ಉದಾಹರಣೆಗೆ ಬೇಕಾಗಿತ್ತು. ನೀನು ಚಿಕ್ಕವಳಿದ್ದಾಗ ಅವ್ವನಿಗೆ ಎಲ್ಲಿಗೆ ಹೋಗುವುದು ಇಷ್ಟವಿತ್ತು? ಯಾವ ಗುಡಿ, ಯಾವ ಸಂಬಂಧಿಕರ ಮನೆ? ನಾನು ಹುಟ್ಟುವ ಮುಂಚಿನ ಸಂಗತಿ ನಿನಗಷ್ಟೇ ಗೊತ್ತು. ಹೊಳೆದದ್ದನ್ನು ಒಂದು ಸಾಲಿನಲ್ಲಿ ಬರೆದರೂ ಸಾಕು. ಬೇಗ ಬರೆದರೆ ಒಳ್ಳೆಯದು.

ಸಂಯುಕ್ತಾ

*

ಇ-ಮೇಲ್
4 ಜುಲೈ 2024, ಬೆಳಿಗ್ಗೆ 11

ಸಂಯು,

ಹದಿನೇಳು ಸಲ ಫೋನ್ ಮಾಡಿದೆ. ನೀನು ಎತ್ತುತ್ತಿಲ್ಲ. ಎತ್ತದಿದ್ದರೆ ಇದನ್ನಾದರೂ ಓದು, ಪೂರ್ತಿ ಓದು, ಓದಿದ ತಕ್ಷಣ ಮನೆಯಿಂದ ಹೊರಡು.

ಅವ್ವ ಕಳೆದುಹೋಗಿದ್ದಾಳೆ. ನೀನು ಹೇಳಲಿಲ್ಲ, ನಿನ್ನ ಚೀಟಿ ಹೇಳಿತು. ಟೇಕ್ ಡೌನ್, ಜೂನ್ ಹದಿನೆಂಟು: 'ಪೊಲೀಸರು ಅವಳ ಸೀರೆಯ ಬಣ್ಣವನ್ನು ಬರೆದುಕೊಂಡರು.' ಟರ್ನ್ ಅಪ್, ಜೂನ್ ಹತ್ತೊಂಬತ್ತು: 'ಅವಳು ಯಾವ ಆಸ್ಪತ್ರೆಯಲ್ಲೂ ಸಿಗಲಿಲ್ಲ.' ಕಟ್ಟು ಕೈಜಾರಿ ನೆಲಕ್ಕೆ ಬಿತ್ತು. ಎತ್ತುವಾಗ ನಾನು ಒಂದು ಕೆಲಸ ಮಾಡಿದೆ. ಹಳೆಯ ಎರಡು ಕಟ್ಟಿನ ನಕಲುಗಳನ್ನೂ ತಂದು, ಅವ್ವ ಇರುವ ಚೀಟಿಗಳನ್ನಷ್ಟೇ ಆರಿಸಿ, ಅಕಾರಾದಿ ಬಿಟ್ಟು ತಾರೀಖಿನ ಪ್ರಕಾರ ನೆಲದ ಮೇಲೆ ಜೋಡಿಸಿದೆ.

ನೀನು ಇದನ್ನು ಯಾವತ್ತೂ ಹೀಗೆ ಓದಿಲ್ಲ. ಬರೆದವಳು ನೀನೇ ಆದರೂ ಓದಿಲ್ಲ. ಏಪ್ರಿಲ್ ಹದಿನೈದು, ಗೆಟ್ ಅಪ್, ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಾಳೆ. ಇಪ್ಪತ್ತೆರಡಕ್ಕೆ ಗಿವ್ ಅವೇ, ಡಬ್ಬಿಗಳನ್ನು ಯಾರಿಗೋ ಕೊಡುತ್ತಾಳೆ. ಇಪ್ಪತ್ತೊಂಬತ್ತಕ್ಕೆ ಡ್ರಾಪ್ ಬೈ, ದಿನಾ ಹತ್ತು ಗಂಟೆಗೆ ಗುಡಿಗೆ ಹೋಗಿಬರುತ್ತಾಳೆ. ಅವ್ವ ಸೋಮವಾರ ಬಿಟ್ಟು ಗುಡಿಗೆ ಹೋದದ್ದನ್ನು ನೀನು ಕಂಡಿದ್ದೀಯಾ? ಮೇ ಎರಡು, ಹ್ಯಾಂಡ್ ಓವರ್: 'ಇದನ್ನು ಅವರ ಕೈಗೇ ಕೊಡಬೇಕು.' ಮೇ ಆರು, ನನ್ನ ಹೊಟ್ಟೆಗೆ ಬೆಂಕಿ ಹಾಕಿದ ಆ ಕಮ್ ಬ್ಯಾಕ್, ಸಂಜೆ ಬಾಗಿಲಲ್ಲಿ ನಿಂತು ದಾರಿ ನೋಡುವುದು. ಮೇ ಒಂಬತ್ತು, ಹರಿ ಅಪ್: 'ಜಲ್ದಿ, ಸಿಗ್ನಲ್ ಬಿತ್ತು.' ಆಮೇಲೆ ರನ್ ಔಟ್ ಆಫ್, ಮನೆಯಲ್ಲಿ ಡಬ್ಬಿ ಮುಗಿದವು. ಕೊನೆಗೆ ಜೂನ್ ಹದಿನೇಳು, ಸೆಟ್ ಆಫ್: 'ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಅವಳು ಮೂರು ಸಲ ಕೇಳಿದಳು.'

ನೀನು ಹುಟ್ಟುವ ಮುಂಚೆ ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪನನ್ನು ನಾಲ್ಕು ಸ್ಟೇಶನ್ ಆಚೆ ಹಾಕಿದ್ದರು. ಅಲ್ಲಿ ಮನೆಯಿಲ್ಲ, ಊಟದ ಹೋಟೆಲ್ ಇಲ್ಲ. ರೈಲ್ವೆಯವರ ಹೆಂಡತಿಯರು ಆಗ ಏನು ಮಾಡುತ್ತಿದ್ದರು ಗೊತ್ತೇ? ಬೆಳಗಿನ ಪ್ಯಾಸೆಂಜರಿನ ಗಾರ್ಡಿನ ಕೈಗೆ ಡಬ್ಬಿ ಕೊಡುತ್ತಿದ್ದರು. ಗಾಡಿ ನಿಂತ ಒಂದು ನಿಮಿಷದಲ್ಲಿ ಗಾರ್ಡು ಆ ಸ್ಟೇಶನ್ನಿನಲ್ಲಿ ಡಬ್ಬಿ ಇಳಿಸುತ್ತಿದ್ದ. ಸಂಜೆಯ ಗಾಡಿಯಲ್ಲಿ ಖಾಲಿ ಡಬ್ಬಿ ವಾಪಸು. ಅವ್ವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಏಳು ವರ್ಷದ ನಾನು ಅವಳ ಸೆರಗು ಹಿಡಿದು ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದೆ. ಖಾಲಿ ಡಬ್ಬಿ ಬಂದರೆ ಅಪ್ಪ ಉಂಡ ಎಂದು ಲೆಕ್ಕ. ಬಾರದ ದಿನ ಅವ್ವ ಊಟ ಮಾಡುತ್ತಿರಲಿಲ್ಲ.

ಅವ್ವ ದಾರಿ ತಪ್ಪಿ ಅಲೆಯುತ್ತಿಲ್ಲ, ಸಂಯು. ಎರಡು ತಿಂಗಳು ಮಲ್ಕಾಜ್‌ಗಿರಿ ಸ್ಟೇಶನ್ನಿನಲ್ಲಿ ಯಾವನೋ ಗಾರ್ಡಿಗೆ ಅಪ್ಪನ ಬುತ್ತಿ ಕೊಟ್ಟಿದ್ದಾಳೆ. ಡಬ್ಬಿ ತಿರುಗಿ ಬರಲಿಲ್ಲ, ಗಂಡನಿಗೆ ಏನಾಯಿತೋ ಎಂದು ನೋಡಲು ಹೋಗಿದ್ದಾಳೆ. ಗುಡಿಗಳಲ್ಲಿ ಹುಡುಕಬೇಡ. ಸ್ಟೇಶನ್ನಿಗೆ ಹೋಗು. ವೇಳಾಪಟ್ಟಿ ನೋಡಿದೆ, ಹತ್ತಕ್ಕೆ ಮನೆ ಬಿಟ್ಟರೆ ಸಿಗುವುದು ಹತ್ತೂವರೆಯ ಗಾಡಿ, ಅದರ ಗಾರ್ಡು ಯಾರೆಂದು ಕೇಳು.

ನಾನು ಮಧ್ಯಾಹ್ನ ಚೆನ್ನೈ ಬಸ್ಸು ಹಿಡಿಯುತ್ತೇನೆ. ಅಲ್ಲಿಂದ ಸಂಜೆಯ ರೈಲು.

ವತ್ಸಲಾ

*

ಇ-ಮೇಲ್
4 ಜುಲೈ 2024, ಸಂಜೆ 7

ಅಕ್ಕ,

ಗಾರ್ಡು ಸಿಕ್ಕರು. ಮಲ್ಕಾಜ್‌ಗಿರಿ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಎತ್ತುವುದಿಲ್ಲ ಎಂದು ಸಿಟ್ಟಾಗಬೇಡ, ನನಗೆ ದನಿ ಬಿದ್ದುಹೋಗಿದೆ. ಹದಿನೆಂಟು ದಿನ ಬೀದಿಬೀದಿಯಲ್ಲಿ ಅವ್ವಾ ಎಂದು ಕೂಗಿ ಗಂಟಲಲ್ಲಿ ಈಗ ಗಾಳಿ ಮಾತ್ರ ಬರುತ್ತದೆ. ಗಾರ್ಡಿಗೂ ಚೀಟಿ ಬರೆದೇ ಕೇಳಿದೆ.

ಮೊದಲು ಆ ದಿನದ್ದು ಹೇಳಿಬಿಡುತ್ತೇನೆ. ಹದಿನೇಳರಂದು ನಾನು ಮನೆಯಲ್ಲೇ ಇದ್ದೆ. ಅವ್ವ ಬಾಗಿಲು ತೆಗೆದು 'ಗಾಡಿ ಎಷ್ಟೊತ್ತಿಗೆ ಬಿಡ್ತೈತಿ?' ಅಂದಳು. ಹೆಡ್‌ಫೋನ್ ತೆಗೆಯದೆ ಕೈಸನ್ನೆ ಮಾಡಿದೆ. ಮತ್ತೆ ಬಂದು ಕೇಳಿದಳು. ಮೂರನೆಯ ಸಲ ಕೇಳಿದಾಗ ನನಗೆ ಸೆಟ್ ಆಫ್‌ಗೆ ಒಳ್ಳೆಯ ಉದಾಹರಣೆ ಸಿಕ್ಕಿತು ಅನ್ನಿಸಿತು. ಬರೆದುಕೊಂಡೆ. ತಾರೀಖು ಹಾಕಿದೆ. ತಲೆ ಎತ್ತಿದಾಗ ಅವ್ವ ಇರಲಿಲ್ಲ. ಅಕ್ಕ, ಅವಳು ನನ್ನನ್ನು ಕೇಳುತ್ತಿದ್ದಳು, ನಾನು ಅವಳನ್ನು ಬರೆಯುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. 'ಅವ್ವನನ್ನು ನೋಡಿಕೊಳ್ಳುವುದು ಒಂದು ದಿನ ನಿನ್ನ ಕೈಯಿಂದ ಆಗುವುದಿಲ್ಲ' ಎಂದು ಅಪ್ಪನ ವರ್ಷಾಂತಿಕದ ದಿನ ನೀನು ಎಲ್ಲರ ಮುಂದೆ ಅಂದಿದ್ದೆ. ಅದು ನಿಜವಾಯಿತು ಎಂದು ಬರೆಯಲು ಕೈ ಬರಲಿಲ್ಲ. ಇವತ್ತು ಸಿಕ್ಕಾಳು, ನಾಳೆ ಸಿಕ್ಕಾಳು ಎಂದು ದಿನ ತಳ್ಳಿದೆ. ಕೊನೆಯ ಚೀಟಿಗಳನ್ನು ಪೊಲೀಸ್ ಸ್ಟೇಶನ್ನಿನ ಬೆಂಚಿನ ಮೇಲೆ ಬರೆದೆ, ಬೇರೆ ವಾಕ್ಯವೇ ಹೊಳೆಯಲಿಲ್ಲ. ತೆಗೆದುಹಾಕದೆ ಕಟ್ಟಿದೆ. ನೀನು ಓದಲಿ ಎಂದೇ ಬಿಟ್ಟಿರಬೇಕು.

ಗಾರ್ಡಿನ ಹೆಸರು ಬೂದೆಪ್ಪ, ದೇವದುರ್ಗದ ಕಡೆಯವರು. ಡಬ್ಬಿ ಎಂದು ಬರೆದು ತೋರಿಸಿದ ಕೂಡಲೇ ಅವರ ಮುಖ ಬದಲಾಯಿತು. 'ಹಸಿರು ಸೀರಿ ಅಮ್ಮಾರಾ? ದಿನಾ ಬರ್ತಿದ್ರರಿ. ನಮ್ಮನಿಯವ್ರಿಗೆ ಮುಟ್ಟಸ್ರಿ ಅಂತ ಡಬ್ಬಿ ಕೊಡ್ತಿದ್ರು. ಮೊದಲನೇ ದಿನ ಬ್ಯಾಡ ಅನ್ನಬೇಕಂತ ಮಾಡಿದ್ದೆ, ಅವ್ರ ಮಾರಿ ನೋಡಿ ಬಾಯಿ ಬರ್ಲಿಲ್ಲ. ಇಸಗೊಂಡೆ. ನಮ್ಮವ್ವನೂ ಹಿಂಗ ಕೊಡ್ತಿದ್ಲರಿ, ನಮ್ಮಪ್ಪ ಗ್ಯಾಂಗ್‌ಮನ್.' ರೊಟ್ಟಿಯನ್ನು ಅವರೇ ತಿನ್ನುತ್ತಿದ್ದರಂತೆ. ಖಾಲಿ ಡಬ್ಬಿ ಕೊಡಲು ಹೋದರೆ ಸಂಜೆ ಅವ್ವ ಸ್ಟೇಶನ್ನಿನಲ್ಲಿ ಇರುತ್ತಿರಲಿಲ್ಲ, ಬೆಳಿಗ್ಗೆ ಕೊಡೋಣವೆಂದರೆ ತರುವುದು ಮರೆಯುತ್ತಿತ್ತಂತೆ. ಹಾಗಾಗಿ ಡಬ್ಬಿಗಳು ನಿಜಾಮಾಬಾದಿನ ರನ್ನಿಂಗ್ ರೂಮಿನಲ್ಲಿ, ಗಾರ್ಡುಗಳು ಮಲಗುವ ಜಾಗದಲ್ಲಿ ಕೂಡುತ್ತಾ ಹೋದವು.

'ಹದಿನಾರಕ್ಕ ಡಬ್ಬಿ ಎಲ್ಲಿ ಅಂತ ಭಾಳ ಕೇಳಿದ್ರರಿ. ಎಲ್ಲಾ ನಿಜಾಮಾಬಾದನಾಗ ಅದಾವ, ನಾಳೆ ತಂದು ಕೊಡ್ತೀನಿ ಅಂದೆ. ಮರುದಿನ ನನಗ ಜ್ವರ ಬಂತು, ರಜಾ ಹಾಕಿದೆ. ನಾ ಹಂಗ ಅನ್ನಬಾರ್ದಿತ್ತರಿ.' ಹೇಳುತ್ತಾ ಆ ಮನುಷ್ಯ ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಅವ್ವ ಆ ಗಾಡಿ ಹತ್ತಿದ್ದಾಳೆ. ಬೂದೆಪ್ಪನವರು ನಿಜಾಮಾಬಾದ್ ಸ್ಟೇಶನ್ನಿಗೆ ಫೋನ್ ಮಾಡಿ ಕೇಳಿದರು. ಆ ವಾರ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಇಬ್ಬರು ಮುದುಕಿಯರನ್ನು ಊರ ಹೊರಗಿನ ಹೆಂಗಸರ ಆಶ್ರಮಕ್ಕೆ ಕಳಿಸಿದ್ದರಂತೆ. ಇಬ್ಬರಲ್ಲಿ ಒಬ್ಬರು ಮೊನ್ನೆ ತೀರಿಕೊಂಡರಂತೆ. ಯಾರು ಅನ್ನುವುದು ಫೋನಿನಲ್ಲಿ ಗೊತ್ತಾಗಲಿಲ್ಲ. ಆಶ್ರಮದ ನಂಬರು ಯಾರೂ ಎತ್ತುತ್ತಿಲ್ಲ.

ನಾಳೆ ಹತ್ತೂವರೆಯ ಗಾಡಿಗೆ ಬೂದೆಪ್ಪನವರೇ ಗಾರ್ಡು. ಅದಕ್ಕಿಂತ ಮುಂಚೆ ಬಸ್ಸು ಸಿಕ್ಕರೆ ಅದರಲ್ಲೇ ಹೋಗುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ, ಅಕ್ಕ.

ಸಂಯು

*

ಇ-ಮೇಲ್
5 ಜುಲೈ 2024, ಬೆಳಿಗ್ಗೆ 6.30

ಸಂಯು,

ರೈಲು ನಲ್ಗೊಂಡ ದಾಟಿತು. ಇಳಿದ ಕೂಡಲೇ ನಿಜಾಮಾಬಾದಿನ ಗಾಡಿ ಹಿಡಿಯುತ್ತೇನೆ. ನೀನು ನನಗಾಗಿ ಕಾಯಬೇಡ, ಸಿಕ್ಕಿದ್ದರಲ್ಲಿ ಮುಂದೆ ಹೋಗು.

ಇಡೀ ದಾರಿ ನಿನ್ನ ಕಾಗದವನ್ನೇ ಓದಿದೆ. ನೀನು ಮುಚ್ಚಿಟ್ಟದ್ದನ್ನು ಹೇಳಿದೆ, ಈಗ ನನ್ನದನ್ನು ಕೇಳು. ಕೊನೆಯ ಕಟ್ಟು ನನಗೆ ಜೂನ್ ಇಪ್ಪತ್ತೈದಕ್ಕೇ ಬಂದಿತ್ತು. ಮೇಜಿನ ಮೇಲೆ ಇಟ್ಟೆ. ದಿನಾ ಅದರ ಮೇಲೆಯೇ ಕಾಫಿ ಲೋಟ ಇಟ್ಟುಕೊಂಡು ಬೇರೆ ಕೆಲಸ ಮಾಡಿದೆ. ಮತ್ತೆ ಚುಚ್ಚುಮಾತು ಇರುತ್ತದೆ, ಬಿಚ್ಚುವುದಿಲ್ಲ, ಅವಳೇ ಕಾಯಲಿ ಎಂದುಕೊಂಡಿದ್ದೆ. ಒಂಬತ್ತು ದಿನ. ಶಾಲೆ ಶುರುವಾಗಿದೆ ಎಂದದ್ದು ನೆಪ.

ಆ ಒಂಬತ್ತು ದಿನದಲ್ಲಿ ಅವ್ವನಿಗೆ ಏನಾದರೂ ಆಗಿದ್ದರೆ ಅದು ನನ್ನದು. ನಿನ್ನದೆಂದು ಹೊತ್ತುಕೊಳ್ಳಬೇಡ, ನಿನಗೆ ಎಲ್ಲವನ್ನೂ ಹೊರುವ ಚಟ. ವರ್ಷಾಂತಿಕದ ದಿನ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ ಎನ್ನುವುದಕ್ಕೆ ನನಗೆ ಮೂರು ಭಾಷೆಯಲ್ಲಿ ನುಡಿಗಟ್ಟು ಗೊತ್ತು. ಒಂದರಲ್ಲೂ ಎರಡು ವರ್ಷ ಹೇಳಲಿಲ್ಲ.

ತಲುಪಿದ ಕೂಡಲೇ ಬರೆ. ಹೇಗಿದ್ದರೂ ಬರೆ.

ಅಕ್ಕ

*

ಇ-ಮೇಲ್
ನಿಜಾಮಾಬಾದ್
5 ಜುಲೈ 2024, ಮಧ್ಯಾಹ್ನ 4

ಅಕ್ಕ,

ಅವ್ವ ಇದ್ದಾಳೆ. ಇದನ್ನು ಮೊದಲು ಬರೆದೆ, ನೀನು ಮುಂದಿನದನ್ನು ಸಮಾಧಾನದಿಂದ ಓದು.

ಬೆಳಗಿನ ಬಸ್ಸು ಸಿಗಲಿಲ್ಲ, ಬೂದೆಪ್ಪನವರ ಗಾಡಿಯಲ್ಲೇ ಬಂದೆ. ಸ್ಟೇಶನ್ನಿನಿಂದ ಆಟೋದಲ್ಲಿ ಅವರೂ ಜೊತೆ ಬಂದರು, ಕೈಯಲ್ಲಿ ಒಂದು ಚೀಲ. ಆಶ್ರಮದ ಮೇಡಂ ರಿಜಿಸ್ಟರ್ ತೆರೆದು ಬೆರಳಿಟ್ಟು ನೋಡಿದರು. ಜೂನ್ ಹದಿನೇಳು, ಹೆಸರಿಲ್ಲದ ಹೆಂಗಸು, ಹಸಿರು ಸೀರೆ. ತೀರಿಕೊಂಡವರು ಇವರಲ್ಲ, ಹತ್ತೊಂಬತ್ತರಂದು ಬಂದ ಇನ್ನೊಬ್ಬರು ಅಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಇನ್ನೊಬ್ಬರ ಸಾವಿನ ಸುದ್ದಿ ಕೇಳಿ ದೇವರಿಗೆ ಕೈ ಮುಗಿದೆ. ಅದಕ್ಕೆ ನಾಚಿಕೆಯೂ ಆಯಿತು.

ಪೊಲೀಸರು ಇಲ್ಲಿಗೂ ಕೇಳಿದ್ದರಂತೆ. 'ತೆಲುಗು, ಹಿಂದಿ ಚೆನ್ನಾಗಿ ಮಾತಾಡುವ ಮುದುಕಿ ಇದ್ದಾರಾ' ಎಂದು. ಇವರು ಇಲ್ಲ ಅಂದರು, ತಪ್ಪೇನಿದೆ? ಹಾಗೆ ಬರೆಸಿದವಳು ನಾನು. ಅವ್ವನ ಬಾಯಿಂದ ಆ ಎರಡೂ ಹೋಗಿ ಒಂದು ವರ್ಷವಾಯಿತು, ಕನ್ನಡ ಮಾತ್ರ ಉಳಿದಿದೆ. ಡಾಕ್ಟರು ಅದನ್ನೇ ಹೇಳಿದ್ದರು. ನಿನ್ನಿಂದ ಮುಚ್ಚಿಟ್ಟದ್ದನ್ನು ಪೊಲೀಸರ ಮುಂದೆಯೂ ಮುಚ್ಚಿಟ್ಟೆ. ನನ್ನ ಅವ್ವನಿಗೆ ಏನೂ ಕಡಿಮೆಯಿಲ್ಲ ಅನ್ನುವ ಜಂಬ.

ಒಳಗೆ ಪಡಸಾಲೆಯಲ್ಲಿ ಅವ್ವ ನಾಲ್ಕು ಜನರ ಜೊತೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯಾರದೋ ಹೂವಿನ ನೈಟಿ. ಬಲಗಾಲಿಗೆ ಬಟ್ಟೆ ಸುತ್ತಿದ್ದಾರೆ, ಗಾಯವಾಗಿತ್ತಂತೆ, ಈಗ ಒಣಗಿದೆ. ತೆಳ್ಳಗಾಗಿದ್ದಾಳೆ. ನಾನು ಎದುರು ಕೂತೆ. ನನ್ನನ್ನು ನೋಡಿ 'ಕುಂದ್ರವಾ, ಯಾರ ಪೈಕಿ ನೀ?' ಅಂದಳು. ಬಾರದ ದನಿಯಲ್ಲಿ, ಅವ್ವಾ ನಾ ಸಂಯು ಅಂದೆ. ಅವಳು ನಕ್ಕಳು. 'ಸಂಯು ನನ್ನ ಮಗಳು. ಆಕಿ ಬರಿಯಾಕತ್ತಾಳ. ಬರಿಯಾಗ ಆಕಿನ್ನ ಮಾತಾಡ್ಸಬಾರ್ದು. ಮುಗದ ಮ್ಯಾಲೆ ತಾನ ಬರ್ತಾಳ.'

ಮೇಡಂ ನನ್ನ ತೋಳು ಹಿಡಿದರು. 'ಈ ಅಮ್ಮ ಬಂದ ದಿನದಿಂದ ಇದೇ ಮಾತು ಹೇಳುತ್ತಾರೆ. ಮನೆ ಎಲ್ಲಿ ಅಂದರೂ ಇದೇ, ಫೋನ್ ನಂಬರ್ ಕೇಳಿದರೂ ಇದೇ. ನಮಗೆ ಯಾರಿಗೂ ತಿಳಿಯಲಿಲ್ಲ. ಏನಮ್ಮಾ ಅದರ ಅರ್ಥ?' ಎಂದು ತೆಲುಗಿನಲ್ಲಿ ಕೇಳಿದರು.

ಆರು ನೂರು ಮಾತಿಗೆ ಉದಾಹರಣೆ ಬರೆದವಳು ನಾನು, ಅಕ್ಕ. ಇದೊಂದರ ಅರ್ಥ ಹೇಳಲು ಶಬ್ದ ಹುಡುಕಬೇಕಾಯಿತು. ಹದಿನೆಂಟು ದಿನ ಅವಳು ನನ್ನ ಕೆಲಸ ಕೆಡದಂತೆ ಕಾಯುತ್ತಾ ಕೂತಿದ್ದಳು. ಪಿಸುಮಾತಿನಲ್ಲಿ ಅದನ್ನು ತೆಲುಗು ಮಾಡಿದೆ. ಮೇಡಂ ಒಳಗೆ ಹೋಗಿ ನನಗೆ ಒಂದು ಲೋಟ ನೀರು ತಂದರು.

ಬೂದೆಪ್ಪನವರು ಚೀಲ ಬಿಚ್ಚಿ ಡಬ್ಬಿಗಳನ್ನು ಅವ್ವನ ಮುಂದಿಟ್ಟರು. ಅವಳು ಒಂದೊಂದರ ಮುಚ್ಚಳ ತೆಗೆದು ಖಾಲಿಯಾಗಿದೆಯೇ ಎಂದು ನೋಡಿದಳು. 'ಎಲ್ಲಾ ಉಂಡಾರ' ಅಂದಳು. ಆಮೇಲೆ ಬೆಳ್ಳುಳ್ಳಿ ಬಿಟ್ಟು, ಊಟ ಹಾಕಿಸಿಕೊಂಡು, ಎರಡು ಸಲ ಅನ್ನ ಕೇಳಿದಳು. ಇಷ್ಟು ದಿನ ತುತ್ತು ಲೆಕ್ಕದಲ್ಲಿ ತಿನ್ನುತ್ತಿದ್ದಳಂತೆ. ಬೂದೆಪ್ಪನವರು ಸಂಜೆ ಗಾಡಿಗೆ ಹೋಗಬೇಕೆಂದು ಹೊರಟರು. ಹೋಗುವಾಗ ಅವಳ ಪಾದ ಮುಟ್ಟಿದರು.

ರೈಲು ತಡವಾಯಿತೆಂಬ ನಿನ್ನ ಮೆಸೇಜ್ ನೋಡಿದೆ, ನೀನು ಆರು ಗಂಟೆಗೆ ಇಳಿಯುತ್ತೀಯ. ಅವ್ವ ಎಲ್ಲಿರಬೇಕು ಎಂದು ಮಾತಾಡೋಣ, ಜಗಳವನ್ನೂ ಆಡೋಣ, ಆದರೆ ಅವಳ ಎದುರು ಬೇಡ. ಪುದುಚೇರಿಗೆ ಅಂದರೂ ನಾನು ಒಲ್ಲೆ ಅನ್ನುವುದಿಲ್ಲ. ನಿನ್ನನ್ನು ಅವಳು ಗುರುತಿಸಬಹುದು. ಸೆರಗು ಹಿಡಿದು ಓಡಿದವಳು ನೀನು. ನನ್ನನ್ನು ಗುರುತಿಸದಿದ್ದರೂ ನಡೆಯುತ್ತದೆ. ಅವಳ ಪಾಲಿಗೆ ನಾನು ಇನ್ನೂ ಬರೆಯುತ್ತಿದ್ದೇನೆ, ಅದನ್ನು ಮುಗಿಸಬೇಕು. ಪ್ರಕಾಶಕರಿಗೆ ಜುಲೈ ಹದಿನೈದಕ್ಕೆ ಆಗುವುದಿಲ್ಲ ಎಂದು ಈಗಷ್ಟೇ ತಿಳಿಸಿದೆ.

ಉಂಡು ಮಲಗಿದವಳು ಎದ್ದು ಕೂತಿದ್ದಾಳೆ. ನನ್ನ ಕಡೆ ನೋಡಿ ಏನೋ ಕೇಳಬೇಕೆಂದಿದ್ದಾಳೆ, ನಾನು ಬರೆಯುತ್ತಿರುವುದನ್ನು ಕಂಡು ಸುಮ್ಮನಾಗಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.